ರಜೆ ಕಡಿಯುವವರು

ಪದಗಳ ಹುಟ್ಟನ್ನು ಬೆದಕುವುದು ಕನ್ನಡ ಅಧ್ಯಾಪಕರ ಕಸುಬು. ಆ ಕಸುಬಿನ ಗರ್ವವನ್ನು ನನ್ನಲ್ಲಿ ಕೊಂಚ ತಗ್ಗಿಸಿದವನು ಸೈನ್ಯದಲ್ಲಿ ಸಿಪಾಯಿಯಾಗಿರುವ ನನ್ನ ಚಿಕ್ಕಪ್ಪನ ಮಗ. ಅವನು ರಜೆಯಲ್ಲಿ ಹಿರಿಯೂರು ತಾಲ್ಲೂಕಿನ ನಮ್ಮ ಹರಿಯಬ್ಬೆಗೆ ಬಂದನೆಂದರೆ ನಾನೂ ಊರಿಗೆ ಹೋಗುವುದು ವಾಡಿಕೆ. ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಅವನಾಡುವ ಮಾತು ನನಗೆ ನಿಘಂಟಿಗಿಂತ ರುಚಿ.

ಅವನ ಬಾಯಲ್ಲಿ ಅಡಿಗೆಮನೆಯು ‘ಲಂಗರ್’. ಬೆನ್ನ ಮೇಲಿನ ಹೊರೆ ‘ಪಿಟ್ಠೂ’. ಅಧಿಕಾರಿಗಳೂ ಜವಾನರೂ ಕೂಡಿ ಉಣ್ಣುವ ಔತಣ ‘ಬಡಾಖಾನಾ’. ರಜೆಯನ್ನು ಅವರು ಕಳೆಯುವುದಿಲ್ಲ, ‘ಕಡಿಯುತ್ತಾರೆ’! ಇಂಗ್ಲಿಷಿನ ರಿಕ್ರೂಟ್ ‘ರಂಗರೂಟ್’ ಆದದ್ದು, ಆರ್ಡರ್ಲಿ ‘ಅರ್ದಲಿ’ಯಾದದ್ದು ದಂಡಿನ ಬೀಡುಗಳಲ್ಲಿಯೇ. ‘ಹೂ ಕಮ್ಸ್ ದೇರ್’ ಎಂಬ ಕಾವಲುಗಾರನ ಕೂಗು ಸಿಪಾಯಿಗಳ ನಾಲಗೆಯಲ್ಲಿ ‘ಹುಕುಂದಾರ್’ ಆಯಿತು. ಸಾಲವನ್ನು ನಾವು ತೀರಿಸದೆಯೂ ಇಲ್ಲ. 1914ರ ಮಹಾಯುದ್ಧದಲ್ಲಿ ಕಂದಕಗಳೊಳಗಿದ್ದ ಆಂಗ್ಲ ಸೈನಿಕರು ತಮ್ಮ ತಾಯ್ನಾಡನ್ನು ‘ಬ್ಲೈಟಿ’ ಎಂದು ಕರೆದು ಹಂಬಲಿಸಿದರು. ಅದು ನಮ್ಮ ‘ವಿಲಾಯತಿ’ಯ ರೂಪಾಂತರ. ಮನೆಗೆ ಕಳುಹಿಸುವಷ್ಟು ದೊಡ್ಡದಾದ ಗಾಯಕ್ಕೂ ಅವರು ಅದೇ ಹೆಸರನ್ನಿಟ್ಟಿದ್ದರು.

ಕೆಲವು ವರ್ಷಗಳ ಹಿಂದೆ ಅವನ ರಜೆ ಮುಗಿಯಲು ಎರಡು ದಿನವಿದ್ದಾಗ ನಮ್ಮ ಚಿಕ್ಕಮ್ಮ ಹಾಸಿಗೆ ಹಿಡಿದರು. ನಾಲ್ಕು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದರು. ಮನೆಯವರೆಲ್ಲ ಅವನನ್ನು ತಡೆದರು. “ನಾಲ್ಕು ದಿನ ತಡವಾದರೆ ಆಕಾಶ ಕಳಚಿ ಬೀಳುವುದೇ?” ಎಂದು ನಾನೂ ದನಿಗೂಡಿಸಿದೆ.

“ಓ.ಎಸ್.ಎಲ್. ಆಗುತ್ತದಣ್ಣ” ಎಂದ. ರಜೆ ಮೀರಿ ಉಳಿಯುವುದಕ್ಕೆ ಅವರಿಟ್ಟ ಮೊಟಕು ಹೆಸರಂತೆ. ನನಗೆ ನಗು ಬಂತು. ಅವನು ನಗಲಿಲ್ಲ; ಫೋನನ್ನೆತ್ತಿಕೊಂಡು ಅಂಗಳಕ್ಕೆ ಹೋದ.

ಅಂದಿನ ರಾತ್ರಿ ಕುತೂಹಲದಿಂದ 1950ರ ಸೈನ್ಯಾಧಿನಿಯಮವನ್ನು ತೆರೆದು ನೋಡಿದೆ. ಆ ಮೂರಕ್ಷರದ ಹಿಂದೆ 39ನೆಯ ಕಲಮು ನಿಂತಿದೆ. ಶಿಕ್ಷೆ ಮೂರು ವರ್ಷದವರೆಗಿನ ಸೆರೆವಾಸ. ಆದರೆ ‘ಸಾಕಷ್ಟು ಕಾರಣವಿಲ್ಲದೆ’ ಎಂಬ ಮಾತೂ ಅಲ್ಲಿಯೇ ಇದೆ. ಇನ್ನೆರಡು ಕಲಮುಗಳಾಚೆ ಆಜ್ಞೋಲ್ಲಂಘನೆಯ ವಿಚಾರ. ಅಲ್ಲಿಯೂ ಶಿಕ್ಷಾರ್ಹವಾದುದು ಯಾವುದೋ ಆಜ್ಞೆಯನ್ನು ಮೀರಿದ್ದಲ್ಲ, ‘ನ್ಯಾಯಬದ್ಧ’ ಆಜ್ಞೆಯನ್ನು ಮೀರಿದ್ದು. ವ್ಯಾಕರಣ ಹೇಳುವ ನನಗೆ ಒಂದು ವಿಶೇಷಣದ ತೂಕ ಅಂದು ತಿಳಿಯಿತು. ಹುಕುಮನ್ನು ಪಾಲಿಸುವವನಂತೆ ಅದನ್ನು ಕೊಡುವವನೂ ಕಟ್ಟಿನೊಳಗೇ ಇದ್ದಾನೆ. ಸೈನಿಕನ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೆಯ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆಯೇ ಹೊರತು ಯಾವ ಸೇನಾಪತಿಗೂ ಅಲ್ಲ. ರಾಷ್ಟ್ರಪತಿಗಳಲ್ಲಿರುವ ಸರ್ವೋಚ್ಚ ದಂಡನಾಯಕತ್ವವೂ ಕಾನೂನಿಗೆ ಒಳಪಟ್ಟು ನಡೆಯತಕ್ಕದ್ದೆಂದು 53ನೆಯದು ಹೇಳುತ್ತದೆ. ಕೇಂದ್ರ ಮೀಸಲು ಪೊಲೀಸ್ ಪಡೆಗೆ 1949ರಲ್ಲಿ, 1965ರಲ್ಲಿ ಹುಟ್ಟಿದ ಗಡಿ ಭದ್ರತಾ ಪಡೆಗೆ 1968ರಲ್ಲಿ ಬೇರೆ ಬೇರೆ ಅಧಿನಿಯಮಗಳಾದವು. ಬಂದೂಕು ಹಿಡಿದ ಕೈಗೆ ಕಾನೂನಿನ ಆಧಾರವಿಲ್ಲದಿದ್ದರೆ ಅದು ಬರಿಯ ತೋಳ್ಬಲವಷ್ಟೆ.

ಬೆಳಗ್ಗೆ ಅವನಿಗೆ ನನ್ನ ಹೊಸ ಪಾಂಡಿತ್ಯವನ್ನು ಒಪ್ಪಿಸಿದೆ. “ಅಮ್ಮನ ಕಾಯಿಲೆ ಸಾಕಷ್ಟು ಕಾರಣವಲ್ಲವೇ?” ಎಂದೆ.

“ಇರಬಹುದು. ಅದನ್ನು ತೀರ್ಮಾನಿಸುವವನು ನಾನಲ್ಲವಲ್ಲ, ಕೇಳಿದ್ದೇನೆ” ಎಂದ. ಅವನ ಪಿಟ್ಠೂ ಕಟ್ಟಿ ಸಿದ್ಧವಾಗಿ ಬಾಗಿಲ ಬಳಿ ಇತ್ತು. ಚಿಕ್ಕಮ್ಮ ಮಲಗಿದ್ದಲ್ಲಿಂದಲೇ ಅದನ್ನು ನೋಡುತ್ತಿದ್ದರು.

ಮಧ್ಯಾಹ್ನದ ಮೇಲೆ ಫೋನು ಬಂತು: ಹತ್ತು ದಿನಗಳ ಹೆಚ್ಚಿನ ರಜೆ. ಅವನು ಸದ್ದಿಲ್ಲದೆ ಚೀಲದ ಕಟ್ಟು ಬಿಚ್ಚಿದ. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು.

ಒಂಬತ್ತನೆಯ ದಿನ ಅವನನ್ನು ಬಸ್ಸು ಹತ್ತಿಸಲು ಹೋದಾಗ, “ಇನ್ನೂ ಒಂದು ದಿನವಿದೆಯಲ್ಲ” ಎಂದೆ.

“ಅದು ದಾರಿಗೆ ಬೇಕಣ್ಣ” ಎಂದು ನಕ್ಕ.