ಮಡಚಿದ ಸೈಕಲ್ಲಿನ ಪುಟ್ಟ ಗಾಲಿ

ಸೈಕಲ್ಲು ಮನುಷ್ಯನನ್ನು ಹೊರುವುದು ವಾಡಿಕೆ. ಲಂಡನ್ನಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಮಾತ್ರ ಮನುಷ್ಯನೇ ಸೈಕಲ್ಲನ್ನು ಹೊತ್ತು ಮೆಟ್ಟಿಲಿಳಿಯುವುದು ಕಾಣುತ್ತದೆ. ಜನದಟ್ಟಣೆಯ ಹೊತ್ತಿನಲ್ಲಿ ಅಲ್ಲಿ ಮಾಮೂಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಮಡಚಿದ ಸೈಕಲ್ಲಿಗೆ ಅಡ್ಡಿಯಿಲ್ಲ.

ಅಂಥವುಗಳಲ್ಲಿ ಹೆಸರಾದದ್ದು ಬ್ರಾಂಪ್ಟನ್. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿದ ಆಂಡ್ರ್ಯೂ ರಿಚಿ 1970ರ ದಶಕದ ನಡುವಿನಲ್ಲಿ ತಮ್ಮ ಮಲಗುವ ಕೋಣೆಯಲ್ಲೇ ಅದರ ಮೊದಲ ಮಾದರಿಗಳನ್ನು ರೂಪಿಸಿದರು. ಮನೆಯೆದುರಿನ ಬ್ರಾಂಪ್ಟನ್ ಓರೆಟರಿ ಎಂಬ ಚರ್ಚಿನ ಹೆಸರೇ ಸೈಕಲ್ಲಿಗೂ ಬಂತು. ಅದರ ಹೆಚ್ಚಿನ ಮಾದರಿಗಳ ಚಕ್ರ 16 ಇಂಚಿನದು. ಮಡಚುವಾಗ ಹಿಂದಿನ ಚಕ್ರ ಚೌಕಟ್ಟಿನಡಿಗೆ ಸರಿಯುತ್ತದೆ; ಆಗ ಇಡೀ ಸೈಕಲ್ಲು ಬಿಸ್ಕತ್ತಿನಷ್ಟಗಲದ ಪುಟ್ಟ ಗಾಲಿಗಳ ಮೇಲೆ ನಿಲ್ಲುತ್ತದೆ.

ಕಥೆ ಇರುವುದು ಈ ಪುಟ್ಟ ಗಾಲಿಗಳಲ್ಲಿ. ಹೆಗಲಿಗೆ ಪುಸ್ತಕದ ಚೀಲ, ಕೈಯಲ್ಲಿ ಹನ್ನೊಂದು ಹನ್ನೆರಡು ಕಿಲೋ ಸೈಕಲ್ಲು ಹಿಡಿದು ಉದ್ದನೆಯ ಮೊಗಸಾಲೆ ದಾಟುವ ವಿದ್ಯಾರ್ಥಿಗೆ, ಎತ್ತುವುದಕ್ಕಿಂತ ತಳ್ಳುವುದು ಲೇಸು. ಆದರೆ ಹಳೆಯ ಮಾದರಿಗಳ ಗಟ್ಟಿ ಪ್ಲಾಸ್ಟಿಕ್ ಗಾಲಿ ಸುಲಭಕ್ಕೆ ಉರುಳದು. ಕಾರಣ ಎರಡು. ಮೊದಲನೆಯದು ಅಚ್ಚಿನಲ್ಲಿನ ಘರ್ಷಣೆ. ಗಾಲಿ ಚಿಕ್ಕದಾದಷ್ಟೂ ಆ ಘರ್ಷಣೆಯನ್ನು ಮೀರಿ ತಿರುಗಲು ಅದಕ್ಕೆ ಸಿಗುವ ಸನ್ನೆಯ ಬಲ ಕಡಿಮೆ. ಇನ್ನೊಂದು, ನೆಲದ ಸಂದು. ದೊಡ್ಡ ಚಕ್ರ ದಾಟಿ ಹೋಗುವ ಬಿರುಕಿನಲ್ಲಿ ಚಿಕ್ಕ ಗಾಲಿ ಇಳಿದು ಕೂರುತ್ತದೆ. ಮಗುವಿನ ಆಟದ ಕಾರನ್ನು ಕಲ್ಲುಹಾಸಿನ ಮೇಲೆ ಎಳೆದರೆ ಇದು ಮನೆಯಲ್ಲೇ ತಿಳಿಯುತ್ತದೆ.

ಆದ್ದರಿಂದ ಅನೇಕರು ಆ ಗಾಲಿ ಬಿಚ್ಚಿ, ಬೇರಿಂಗ್ ಇರುವ, ಅಂಚಿಗೆ ರಬ್ಬರು ಸುತ್ತಿದ, ತುಸು ದೊಡ್ಡ ಗಾಲಿ ಹಾಕಿಸುತ್ತಾರೆ. ಬೇರಿಂಗ್ ಘರ್ಷಣೆಯನ್ನು ತಗ್ಗಿಸುತ್ತದೆ, ರಬ್ಬರು ಸದ್ದು ನುಂಗುತ್ತದೆ, ಹೆಚ್ಚಿದ ಅಗಲ ಸಂದು ದಾಟಿಸುತ್ತದೆ. ಸೈಕಲ್ಲು ಸಾಕಿದ ನಾಯಿಯಂತೆ ಹಿಂದೆ ಬರುತ್ತದೆ.

ಅಲ್ಲಿಗೆ ಮುಗಿಯಿತೇ? ಇಲ್ಲ. ರೈಲು ಹೊರಟು ಬ್ರೇಕು ಹಾಕಿದೊಡನೆ ಅದೇ ಸೈಕಲ್ಲು ಒಡೆಯನನ್ನು ಬಿಟ್ಟು ಪಕ್ಕದವರ ಮೊಣಕಾಲಿನತ್ತ ಹೊರಡುತ್ತದೆ! ಹಳೆಯ ಗಾಲಿಯ ಮೊಂಡುತನವೇ ಅದನ್ನು ನಿಂತಲ್ಲಿ ನಿಲ್ಲಿಸಿತ್ತು ಎಂಬುದು ಆಗ ಅರಿವಾಗುತ್ತದೆ. ಇನ್ನೂ ದೊಡ್ಡ ಗಾಲಿ ಹಾಕಿದರೆ ಪೆಡಲು ತುಳಿಯುವಾಗ ಹಿಮ್ಮಡಿಗೆ ತಾಗುತ್ತದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ.

ಹಾಗೆಂದು ಬದಲಾವಣೆ ಬೇಡವೆಂದಲ್ಲ. ದಿನವೂ ದೂರ ತಳ್ಳಬೇಕಾದವರಿಗೆ ಹೊಸ ಗಾಲಿ ದೊಡ್ಡ ಉಪಕಾರ, ಕೈಯಿಂದ ಹಿಡಿದುಕೊಂಡರಾಯಿತು. ಹತ್ತು ಹೆಜ್ಜೆ ನಡೆದು ಅರ್ಧ ಗಂಟೆ ರೈಲಿನಲ್ಲಿ ನಿಲ್ಲುವವರಿಗೆ ಹಳೆಯದೇ ವಾಸಿ. ಅಂಗಡಿಯಾತನಿಗೆ ಗೊತ್ತಿರುವುದು ಗಾಲಿಯ ಗುಣ. ದಾರಿ ಗೊತ್ತಿರುವುದು ನಡೆಯುವವರಿಗೆ.

ಮಕ್ಕಳಿಗೆ ಸೈಕಲ್ಲನ್ನೋ ಕಾಲೇಜನ್ನೋ ಆರಿಸುವ ತಂದೆತಾಯಿಗಳು “ಯಾವುದು ಎಲ್ಲಕ್ಕಿಂತ ಒಳ್ಳೆಯದು?” ಎಂದು ಊರೆಲ್ಲ ವಿಚಾರಿಸುತ್ತಾರೆ. “ನೀನು ದಿನಾ ಹೋಗುವ ದಾರಿ ಹೇಗಿದೆಯಪ್ಪಾ?” ಎಂದು ಮಗುವನ್ನೇ ಮೊದಲು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕೀತು.