ಅರ್ಧ ಗೇಣು ನೀರು

ನಮ್ಮೂರು ಗೊರೇಬಾಳ. ಅಪ್ಪನ ಗೊರಕೆ ಕೇಳಿದವರೆಲ್ಲ ‘ಗೊರೇಬಾಳದಾಂವ ಗೊರಕಿ ಹೊಡೀದ ಇನ್ನೇನ್ ಮಾಡ್ಯಾನು’ ಎಂದು ನಗುತ್ತಿದ್ದರು. ನಾವೂ ನಕ್ಕಿದ್ದೇವೆ. ಅವ್ವ ಮಾತ್ರ ನಗುತ್ತಿರಲಿಲ್ಲ. ಗೊರಕೆ ನಿಂತಾಗ ಅವಳಿಗೆ ಎಚ್ಚರವಾಗುತ್ತಿತ್ತು. ಎದೆ ಏಳುತ್ತದೆ, ಇಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಅವಳು ಕತ್ತಲಲ್ಲಿ ಕೂತು ಒಂದು, ಎರಡು, ಮೂರು ಎಂದು ಎಣಿಸುವಳು. ಮೂವತ್ತರ ಹೊತ್ತಿಗೆ ನೀರಲ್ಲಿ ಮುಳುಗಿ ಎದ್ದವನ ಹಾಗೆ ಅಪ್ಪ ಒಮ್ಮೆಲೇ ಉಸಿರೆಳೆಯುತ್ತಿದ್ದ.

ಅಪ್ಪ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಹಮಾಲಿ. ಹಗಲು ಚೀಲದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ಸೋಮಾರಿ ಎಂದರು. ರಾತ್ರಿ ಕುಡಿದಿರಬೇಕು ಎಂದರು. ಒಂದು ಹನಿ ಮುಟ್ಟದವನು. ಉಳ್ಳವರ ನಿದ್ದೆಗೆ ಕಾಯಿಲೆಯ ಹೆಸರಿದೆ, ಕೂಲಿಯವನ ನಿದ್ದೆಗೆ ಬೈಗುಳ. ನಮ್ಮಪ್ಪನದೂ ಕಾಯಿಲೆಯೇ ಎಂದು ಗೊತ್ತಾಗಲು ನಾನು ಬಿ.ಎ. ಮುಗಿಸಬೇಕಾಯಿತು.

ಡಾಕ್ಟರು ಒಳ್ಳೆಯವರು. ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ತಾಸಿಗೆ 42 ಸಲ ಉಸಿರು ಕಟ್ಟುತ್ತದೆ, 30 ದಾಟಿದರೆ ತೀವ್ರ ಎಂದರು. ಹೆಸರು ಸ್ಲೀಪ್ ಆಪ್ನಿಯ. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಗಾಳಿಯ ದಾರಿ ಮುಚ್ಚುತ್ತದೆ. ಗಾಳಿಯನ್ನೇ ಒತ್ತಿ ಆ ದಾರಿ ತೆರೆದಿಡುವುದು ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ಇದನ್ನು ಮೊದಲು ಲೋಕಕ್ಕೆ ತಿಳಿಸಿದರು. ಒತ್ತಡವನ್ನು ಅಳೆಯುವುದು ನೀರಿನ ಎತ್ತರದ ಲೆಕ್ಕದಲ್ಲಿ. ಚೀಟಿಯಲ್ಲಿ ‘12 ಸೆಂಟಿಮೀಟರ್ ನೀರು’ ಎಂದಿತ್ತು. ಮಿಲ್ಲಿಗೆ ಸೇರುವ ಮೊದಲು ಪರರ ಭತ್ತದ ಗದ್ದೆಯಲ್ಲಿ ದುಡಿದ ಅಪ್ಪ ಕೈ ಬಿಡಿಸಿ ನೋಡಿಕೊಂಡ. ‘ಅರ್ಧ ಗೇಣು ನೀರು ಅನ್ನು’ ಅಂದ.

ಕೊಳ್ಳುವ ಶಕ್ತಿ ಎಲ್ಲಿಯದು? ಪಟ್ಟಣದ ಒಂದು ಅಂಗಡಿಯಿಂದ ಯಂತ್ರ ಬಾಡಿಗೆಗೆ ತಂದೆವು. ತಿಂಗಳಿಗೆ 3,500, ಠೇವಣಿ 10,000. ಅಂಗಡಿಯ ಹುಡುಗ ಹೆಸರು ಬರೆದುಕೊಳ್ಳುತ್ತ, ‘ಗೊರೇಬಾಳದಾಗ ಎಲ್ಲಿ ಬರತೈತಿ ನಿಮ್ಮನಿ?’ ಅಂದ. ಇದು ಯಾವ ಪ್ರಶ್ನೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಕೇರ್ಯಾಗ’ ಅಂದೆ. ಮಾಸ್ಕನ್ನು ಮುಖದ ಅಳತೆ ನೋಡಿ, ಪಟ್ಟಿ ಬಿಗಿದು ಕೊಡಬೇಕು. ಅವನು ಅದನ್ನು ಟೇಬಲ್ಲಿನ ಮೇಲೆ ಜಾರಿಸಿ, ‘ನೀವ ಹಾಕ್ಕೊಳ್ರಿ, ಸುಲಭ ಐತಿ’ ಅಂದ. ಜಾತಿಯೋ, ಬೇಸರವೋ, ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ನಮಗಿಂತ ಮುಂಚೆ ಬಂದಿದ್ದ ಗಿರಾಕಿಗೆ ಅವನೇ ಕಟ್ಟಿ ತೋರಿಸಿದ್ದ. ಅಷ್ಟು ಮಾತ್ರ ಕಂಡಿದ್ದೇನೆ.

ಮೊದಲ ರಾತ್ರಿ ಅಪ್ಪನ ಹೊಟ್ಟೆ ಗಾಳಿ ತುಂಬಿ ಹಲಗೆಯಾಯಿತು. ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣು ಉರಿ. ಫೋನ್ ಮಾಡಿದರೆ ‘ರೂಢಿ ಆಗತೈತಿ’ ಅಂದರು. ಮತ್ತೆ ಮಾಡಿದರೆ ‘ಬ್ಯಾರೆ ಮಾಸ್ಕ್ ತಗೋರಿ, 6,000.’ ಮನೆಗೆ ಬಂದು ನೋಡಲು 800. ನಾಲ್ಕನೆಯ ರಾತ್ರಿ ಅವ್ವ ಮಾಸ್ಕಿನ ಮುಂದಿನ ಸಣ್ಣ ತೂತುಗಳನ್ನೂ ಸೋರಿಕೆಯೆಂದೇ ತಿಳಿದು ಪ್ಲಾಸ್ಟರ್ ಅಂಟಿಸಿಬಿಟ್ಟಳು. ಅಪ್ಪ ಬೆವರಿ ಒದ್ದಾಡಿ ಮಾಸ್ಕ್ ಕಿತ್ತೆಸೆದು ಎದ್ದ. ಆ ತೂತು ಬಿಟ್ಟ ಉಸಿರು ಹೊರಗೆ ಹೋಗಲಿಕ್ಕೆ ಇರುವುದು. ಮುಚ್ಚಿದರೆ ಕೆಟ್ಟ ಗಾಳಿಯನ್ನೇ ಮತ್ತೆ ಸೇದಬೇಕು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಇದ್ದದ್ದು ಇಂಗ್ಲಿಷ್ ಪುಸ್ತಕದಲ್ಲಿ. ಡಿಕ್ಷನರಿ ಹಿಡಿದು ಬೆಳಗಿನ ಜಾವದವರೆಗೆ ಓದಿದೆ. ಯಂತ್ರದ ಪರದೆಯನ್ನೂ ನೋಡಿದೆ: 4ರಿಂದ 20. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಕೊಟ್ಟಿದ್ದರು. ಡಾಕ್ಟರ 12 ನನ್ನ ಜೇಬಿನ ಚೀಟಿಯಲ್ಲೇ ಉಳಿದಿತ್ತು.

‘ಬದಲ್ ಮಾಡಾಕ ಬರಂಗಿಲ್ಲೇನು?’ ಅಪ್ಪ ಕೇಳಿದ.

‘ಲಾಕ್ ಐತೆಪ್ಪ. ಅಂಗಡಿಯವರ ತೆಗೀಬೇಕು.’

‘ಕಾಲುವಿ ತೂಬಿದ್ದಂಗ’ ಅಂದು ಗೋಡೆಗೆ ಒರಗಿ ಕೂತ.

ಚೀಟಿ, ರಸೀದಿ, ಅಪ್ಪ, ಯಂತ್ರ ಎಲ್ಲವನ್ನೂ ಕಟ್ಟಿಕೊಂಡು ಹೋದೆ. ‘ಮಿಷಿನ್ ತಾನ ಹೊಂದಿಸ್ಕೊಂತೈತಿ ತಮ್ಮಾ, ನಿನಗ ತಿಳಿಯಂಗಿಲ್ಲ.’ ತಾನೇ ಹೊಂದಿಸಿಕೊಳ್ಳುವುದು ಸುಳ್ಳಲ್ಲ. ಆದರೆ ಡಾಕ್ಟರು ಬರೆದದ್ದು ಅದನ್ನಲ್ಲ. ‘ಚೀಟಿಯಂಗ ಇಡಂಗಿಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ’ ಅಂದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 5 ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ ಎಂಬುದನ್ನೂ ಹೇಳಿದೆ. ದನಿ ನಡುಗುತ್ತಿತ್ತು. ಕವಿತೆ ಓದುವಾಗ ಹಾಗೆ ನಡುಗುವುದಿಲ್ಲ. ಮಾಲೀಕ ಒಳಗಿನಿಂದ ಬಂದ. ‘ತಮ್ಮಾ’ ಹೋಗಿ ‘ಸರ್’ ಆಯಿತು. ಕುರ್ಚಿ ಬಂತು.

ಒತ್ತಡ 12ಕ್ಕೆ ಇಟ್ಟರು. ನಿದ್ದೆ ಹತ್ತುವವರೆಗೆ 6ರಿಂದ ನಿಧಾನ ಏರುವಂತೆಯೂ ಮಾಡಿದರು. ಒಂದಳತೆ ಸಣ್ಣ ಮಾಸ್ಕ್ ಬದಲಿಗೆ ಕೊಟ್ಟರು, ದುಡ್ಡು ಕೇಳಲಿಲ್ಲ. ‘ಕಟ್ಟಿ ತೋರಸ್ರಿ’ ಅಂದೆ. ಹುಡುಗ ಮಾಲೀಕನ ಮುಖ ನೋಡಿದ. ಆಮೇಲೆ ಅಪ್ಪನ ಹಿಂದೆ ನಿಂತು, ತಲೆ ಹಿಡಿದು, ಪಟ್ಟಿ ಬಿಗಿದ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಚೌರಕ್ಕೆ ಕೂಡ ಊರೊಳಗೆ ಕೂರಿಸದ ಕಾಲ ಕಂಡ ತಲೆ ಅದು.

ವಾರದ ಮೇಲೆ ಯಂತ್ರದ ಕಾರ್ಡಿನಲ್ಲಿದ್ದ ಲೆಕ್ಕವನ್ನು ಅಚ್ಚು ಹಾಕಿಸಿಕೊಂಡು ಡಾಕ್ಟರಿಗೆ ತೋರಿಸಿದೆ. 42 ಇದ್ದದ್ದು 5ಕ್ಕೆ ಇಳಿದಿತ್ತು. ಅಪ್ಪ ಈಗ ಚೀಲದ ಮೇಲೆ ತೂಕಡಿಸುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತದೆ, ಅದಕ್ಕೆ ನಾನು ಎರಡು ಮನೆ ಪಾಠ ಹೆಚ್ಚು ಹೇಳುತ್ತೇನೆ. ರಾತ್ರಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಆಗ ಅವ್ವ ಎದ್ದು, ಅಪ್ಪನ ಮಾಸ್ಕ್ ಬಿಚ್ಚಿ, ಪಕ್ಕದಲ್ಲಿ ಕೂತು ಮತ್ತೆ ಎಣಿಸತೊಡಗುತ್ತಾಳೆ.