ದೇವಣಗಾಂವದ ಪಡಸಾಲೆಯಲ್ಲೊಂದು ರೇಲ್ವೆ ಸ್ಟೇಶನ್ನು

ನಮ್ಮ ದೇವಣಗಾಂವಕ್ಕೆ ರೇಲ್ವೆಯಿಲ್ಲ, ಹಿಂದೆಯೂ ಇರಲಿಲ್ಲ. ಭೀಮಾನದಿಯ ಬಲದಂಡೆಯ ಮೇಲಿರುವ ಈ ಊರಿಗೆ ಉತ್ತರದಲ್ಲಿ ಮುಂಬಯಿ-ರಾಯಚೂರ ದಾರಿಯೂ ಪಶ್ಚಿಮದಲ್ಲಿ ಹೋಟಗಿ-ಗದಗ ದಾರಿಯೂ ಇರುವವು. ಎರಡೂ ನಮಗೆ ದೂರದಿಂದಲೇ ಕೈಮುಗಿದು ಹೋದ ನೆಂಟರಂತೆ. ಹೀಗಿದ್ದರೂ ಕಳೆದ ಕೆಲವು ವರ್ಷಗಳಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸ್ಟೇಶನ್ನು ನಿಂತಿದೆ. ಅದರ ಉದ್ದ ಆರು ಅಡಿ, ಅಗಲ ಎರಡು ಅಡಿ. ಹೆಸರು ಇಂಡಿ ರೋಡ. ಕಟ್ಟಿದವನು ನಾನು, ತಪ್ಪು ತೆಗೆಯುವವರು ನನ್ನ ತಂದೆಯವರು.

ವಾಚಕರು ನಗಬಹುದು. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಗಳನ್ನೂ ಬಾಯಿಪಾಠ ಮಾಡಿಸಿದ ಮಾಸ್ತರನಿಗೆ ಈ ವಯಸ್ಸಿನಲ್ಲಿ ಆಟಿಗೆಯ ಚಪಲವೇಕೆ? ನಮ್ಮ ಮನೆಯವರೂ ಮೊದಲು ಹೀಗೆಯೇ ಕೇಳಿದರು. ಕಾರಣವನ್ನು ಹೇಳುವದಕ್ಕಾಗಿಯೇ ಈ ಬರಹ.

ತಂದೆಯವರಿಗೆ ಈಗ ಎಂಬತ್ತೆಂಟರ ಮೇಲಾಯಿತು. ಅವರ ಕಣ್ಣಿಗೆ ಗ್ಲಾಕೋಮಾ ಎಂಬ ಬೇನೆ ತಗಲಿದೆ. ಹೋದ ದೃಷ್ಟಿಯು ಮರಳಿ ಬರಲಾರದೆಂದೂ, ಉಳಿದುದನ್ನು ಔಷಧದಿಂದ ಕಾಯ್ದುಕೊಳ್ಳಬೇಕೆಂದೂ ವೈದ್ಯರು ಹೇಳಿದರು. ಅಂಚಿನಿಂದ ಒಳಕ್ಕೆ ಕತ್ತಲೆ ಕವಿಯುತ್ತ ಬರುವ ಬೇನೆಯದು. ಒಂದು ಸಂಜೆ ಅವರು, "ಒಮ್ಮೆ ಇಂಡಿ ರೋಡ ಸ್ಟೇಶನ್ ನೋಡಬೇಕು ನೋಡಪಾ, ಮೊದಲಿನಂಥಾದ್ದು," ಎಂದರು. ಮೊದಲಿನದನ್ನು ಎಲ್ಲಿಂದ ತರಲಿ? ಈಗ ಅಲ್ಲಿರುವದು ಜೋಡಿಹಳಿಯ ಬ್ರಾಡಗೇಜ್ ದಾರಿ, ಮೇಲೆ ವಿದ್ಯುತ್ತಂತಿ. ೨೦೨೦ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿ, ದೇಶದ ಪ್ರವಾಸಿ ಗಾಡಿಗಳೆಲ್ಲ ನಿಂತುಹೋದಾಗ, ಕೈಯಲ್ಲಿ ಬೇರೆ ಕೆಲಸವಿಲ್ಲದ ನಾನು ರಟ್ಟು ಕತ್ತರಿಸಲು ಕುಳಿತೆನು.

ತಂದೆಯವರ ನೆನಪು ೧೯೪೪ರದು. ಮದ್ರಾಸ ಮತ್ತು ಸದರ್ನ ಮರಾಠಾ ರೇಲ್ವೆಯು ಕಂಪನಿಯ ಕೈಯಿಂದ ಸರಕಾರದ ಕೈಗೆ ಬಂದ ವರ್ಷ. ಯುದ್ಧಕಾಲ, ಗಾಡಿಗಳೆಲ್ಲ ತುಂಬಿ ತುಳುಕುತ್ತಿದ್ದವು. ನನ್ನ ದೊಡ್ಡಪ್ಪನವರು ಹದಿನೇಳರ ತರುಣರು. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಹುಡುಕಲು ಹೊರಟರು. ಬೇಸಿಗೆಯಾಗಿದ್ದರೆ ಹೊಳೆ ದಾಟಿ ಅಫಜಲಪುರದ ಕಡೆಯಿಂದ ಹೋಗಬಹುದಾಗಿತ್ತು. ಆಚೆಯ ದಂಡೆಯು ಆಗ ನಿಜಾಮರ ಸೀಮೆ. ನಮ್ಮವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಅಲ್ಲಿ ಹಾಲಿ ಸಿಕ್ಕಾ ನಾಣ್ಯ, ಇಲ್ಲಿ ಇಂಗ್ರೇಜಿ ರೂಪಾಯಿ. ಆದರೆ ಅದು ಆಶ್ವಯುಜಮಾಸ, ಹೊಳೆ ತುಂಬಿತ್ತು, ಹರಿಗೋಲು ಹಾಕಲು ಅಂಬಿಗರು ಒಪ್ಪಲಿಲ್ಲ. ಆದುದರಿಂದ ಚಕ್ಕಡಿ ಹೂಡಿಕೊಂಡು ಇಂಡಿಯ ಹಾದಿ ಹಿಡಿದರು. ಬೀಳ್ಕೊಡಲು ನನ್ನ ಅಜ್ಜಿಯೂ, ಏಳು ವರ್ಷದ ನನ್ನ ತಂದೆಯವರೂ ಹೋದರು. ಹರಿಗೋಲು ದಾಟಲಾರದ ಅದೇ ಭೀಮೆಯನ್ನು ಗಾಡಿಯು ಮೇಲೆ ಸೇತುವೆಯ ಮೇಲೆ ದಾಟಿ ದೊಡ್ಡಪ್ಪನವರನ್ನು ಹೋಟಗಿಗೆ ಮುಟ್ಟಿಸಿತು. ಅವರು ಆಮೇಲೆ ಹಬ್ಬಕ್ಕೆಂದು ನಾಲ್ಕಾರು ಸಲ ಬಂದುಹೋದರು. ಬಾಳಿದ್ದೂ ತೀರಿಕೊಂಡದ್ದೂ ಸೊಲ್ಲಾಪುರದಲ್ಲಿಯೇ.

ಇಂಡಿ ರೋಡ ಎಂಬ ಹೆಸರಿನಲ್ಲಿಯ 'ರೋಡ'ದ ಅರ್ಥವನ್ನು ಬಹುಜನರು ಯೋಚಿಸಿರಲಿಕ್ಕಿಲ್ಲ. ಸ್ಟೇಶನ್ನು ಊರೊಳಗಿಲ್ಲ, ಊರಿಗೆ ಹೋಗುವ ರಸ್ತೆಯ ಬದಿಗಿದೆ ಎಂಬುದೇ ಅದರ ತಾತ್ಪರ್ಯ. ಅಕ್ಕಲಕೋಟ ರೋಡ, ಗಾಣಗಾಪುರ ರೋಡ, ಬಸವನ ಬಾಗೇವಾಡಿ ರೋಡ—ಇವೆಲ್ಲ ಆ ಬಳಗದವೇ. ಆ ಎರಡಕ್ಷರವನ್ನು ಲಕ್ಷಿಸದೆ ಇಳಿದ ಪರವೂರ ಪ್ರವಾಸಿಕನು ಗಂಟು ಹೊತ್ತುಕೊಂಡು ಮೈಲುಗಟ್ಟಲೆ ನಡೆಯಬೇಕಾಗುತ್ತಿತ್ತು.

ಈ ದಾರಿ ಹುಟ್ಟಿದುದು ಬರದ ಹೊಟ್ಟೆಯಿಂದ. ೧೮೭೬ರಿಂದ ೧೮೭೮ರ ವರೆಗಿನ ಭೀಕರ ಕ್ಷಾಮದಲ್ಲಿ ನಮ್ಮ ಜಿಲ್ಲೆಯು ಜನರನ್ನೂ ದನಗಳನ್ನೂ ಲೆಕ್ಕವಿಲ್ಲದೆ ಕಳೆದುಕೊಂಡಿತು. ಎತ್ತುಗಳೇ ಸತ್ತುಹೋದ ಮೇಲೆ ಕಾಳು ಹೊರುವ ಬಂಡಿಗಳೆಲ್ಲಿಂದ ಬರಬೇಕು? ಬೇರೆ ಸೀಮೆಯಲ್ಲಿ ಧಾನ್ಯವಿದ್ದರೂ ಹಸಿದವನ ಬಾಯಿಗೆ ಬರಲಿಲ್ಲ. ಅದಕ್ಕಾಗಿ ಕ್ಷಾಮನಿವಾರಣೆಯ ದಾರಿಗಳೆಂದು ಕೆಲವು ರೇಲ್ವೆಗಳನ್ನು ಹಾಕಿದರು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ ಮರಾಠಾ ರೇಲ್ವೆ ಕಂಪನಿಯು ೧೮೮೪ರಲ್ಲಿ ಹೋಟಗಿ-ಗದಗ ದಾರಿಯನ್ನು ತೆರೆಯಿತು. ಮುಂಬಯಿಯ ದೊಡ್ಡ ದಾರಿಯ ಹಳಿಗಳ ನಡುವಣ ಅಂತರ ಐದೂವರೆ ಅಡಿ. ನಮ್ಮದಕ್ಕೆ ಒಂದೇ ಮೀಟರು. ಖರ್ಚು ಕಡಿಮೆ ಎಂಬುದೇ ಕಾರಣ. ಆದರೆ ಉಳಿಸಿದ ದುಡ್ಡಿನ ಬಡ್ಡಿಯನ್ನು ಹೋಟಗಿಯ ಹಮಾಲರು ನೂರು ವರ್ಷಕ್ಕೂ ಮಿಗಿಲಾಗಿ ಬೆನ್ನಿನ ಮೇಲೆ ತೆತ್ತರು. ಒಂದು ಗಾಡಿಯ ಸಾಮಾನು ಇನ್ನೊಂದಕ್ಕೆ ಹೊರಬೇಕಾಗುತ್ತಿತ್ತಲ್ಲ! ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಹಳಿಯೂ ಅಗಲವಾಯಿತು.

ನಮ್ಮ ಅಜ್ಜಿಯು ಉಗಿಬಂಡಿಗೆ 'ಆಗಗಾಡಿ' ಎನ್ನುತ್ತಿದ್ದಳು. ಮರಾಠಿಯ ಸಹವಾಸದಿಂದ ಬಂದ ಮಾತು, ಬೆಂಕಿಯ ಗಾಡಿ ಎಂದರ್ಥ. ಧೂಮಶಕಟವೆಂಬ ಪಂಡಿತರ ಶಬ್ದಕ್ಕಿಂತ ಅದೇ ಹೆಚ್ಚು ಸರಿಯೆಂದು ನನ್ನ ಮತ. ಯಾಕೆಂದರೆ ಹೊಗೆಯು ಕಾರ್ಯ, ಬೆಂಕಿಯು ಕಾರಣ. ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತವುಂಟು. ನಮ್ಮ ಎರೆಯ ಬಯಲಿನಲ್ಲಿ ಬೆಟ್ಟವೆಲ್ಲಿ? ನಾನು ಹುಡುಗರಿಗೆ ದಿಗಂತದ ಗಾಡಿಯ ಹೊಗೆಯನ್ನೇ ಹೇಳಿಕೊಡುತ್ತಿದ್ದೆನು. ವಿದ್ಯುತ್ತು ಬಂದು ನನ್ನ ದೃಷ್ಟಾಂತವೂ ಹೋಯಿತು.

ಇನ್ನು ಕಟ್ಟುವ ವಿಷಯ. ಇಂಗ್ಲಂಡದಲ್ಲಿ ಇದೊಂದು ಗೃಹಸ್ಥರ ಹವ್ಯಾಸವೇ ಆಗಿದೆ. ಲಿವರ್‌ಪೂಲಿನ ಫ್ರ್ಯಾಂಕ ಹಾರ್ನಬಿ ಎಂಬವನು ೧೯೨೦ರಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ಗಾಡಿಗಳನ್ನು ಮಾರಾಟಕ್ಕೆ ತಂದನು. ಅಲ್ಲಿಯ ಮುದುಕರು ಇಂದಿಗೂ ತಮ್ಮ ಬಾಲ್ಯದ ಸ್ಟೇಶನ್ನುಗಳನ್ನು ಮಾಳಿಗೆಯ ಕೋಣೆಯಲ್ಲಿ ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಪುಣೆಯ ಕೊಥರೂಡಿನಲ್ಲಿ ೧೯೯೮ರಲ್ಲಿ ತೆರೆದ ಜೋಶಿಯವರ ಕಿರುರೇಲ್ವೆಗಳ ಸಂಗ್ರಹಾಲಯವಿದೆ. ಅಲ್ಲಿ ಸಿಗ್ನಲ್ಲು ಬಿದ್ದು ಗಾಡಿಗಳು ತಮ್ಮಷ್ಟಕ್ಕೆ ಹೊರಡುವದನ್ನು ನಾನು ಬಾಯಿತೆರೆದು ನೋಡಿದ್ದೇನೆ. ಅಂಥ ಯಂತ್ರಗಳನ್ನು ಕೊಳ್ಳುವ ಶಕ್ತಿ ಮಾಸ್ತರನ ಪೆನ್ಶನ್ನಿಗಿಲ್ಲ. ಆದರೆ ನಮ್ಮ ಸೀಮೆಯ ಹುಡುಗರು ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಮಾಡಿ ಎಳೆದಾಡಿದವರು. ಆ ವಿದ್ಯೆ ಕೈಯಲ್ಲಿತ್ತು.

ಮೊದಲು ಬೇಕಾದುದು ಪ್ರಮಾಣ. ನಾನು ಒಂದು ಅಡಿಗೆ ಕಾಲು ಅಂಗುಲವೆಂದು ಇಟ್ಟುಕೊಂಡೆನು. ಎಂದರೆ ನಿಜದ ನಲವತ್ತೆಂಟನೆಯ ಒಂದು ಪಾಲು. ಆ ಲೆಕ್ಕಕ್ಕೆ ಮೀಟರಗೇಜಿನ ಹಳಿಗಳ ಅಂತರ ಇಪ್ಪತ್ತೊಂದು ಮಿಲಿಮೀಟರು ಬರುವದು. ಹಳಿಗೆ ಹಳೆಯ ಛತ್ರಿಯ ಕಡ್ಡಿಗಳು; ಅಡಿಮರಕ್ಕೆ ಬೆಂಕಿಕಡ್ಡಿಗಳು; ಇಂಜಿನಿನ ಹೊಟ್ಟೆಗೆ ಬಿದಿರಿನ ಕೊಳವೆ; ಗಾಲಿಗಳಿಗೆ ಅಂಗಿಯ ಗುಂಡಿ. ಐದಡಿಯ ಮನುಷ್ಯನು ಒಂದೂಕಾಲು ಅಂಗುಲವಾಗುತ್ತಾನೆ. ಅವನ ತಲೆಗೆ ಒಂದು ಕಾಳುಮೆಣಸು ಸರಿಹೋಗುತ್ತದೆ. ಈ ಕೊನೆಯ ಸಂಶೋಧನೆಯು ನಮ್ಮ ಮನೆಯವರದು.

ಆ ಮೊದಲಿನ ಸ್ಟೇಶನ್ನು ಉಳಿಯಲಿಲ್ಲ. ೨೦೨೦ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದಿತು. ಕಬ್ಬು-ತೊಗರಿಗಳ ಹೊಲಗಳು ನೀರೊಳಗಾದವು; ನಮ್ಮ ಕೆಳಗಿನ ಕೋಣೆಯಲ್ಲಿ ಮೊಣಕಾಲುಮಟ ನೀರು. ಧಾನ್ಯದ ಚೀಲಗಳನ್ನೂ ತಂದೆಯವರನ್ನೂ ಮೇಲಕ್ಕೆ ಸಾಗಿಸುವ ಗಡಿಬಿಡಿಯಲ್ಲಿ ರಟ್ಟಿನ ಸ್ಟೇಶನ್ನನ್ನು ಯಾರು ನೆನೆಯಬೇಕು? ನೀರಿಳಿದ ಮೇಲೆ ಅದು ರಾಡಿಯಲ್ಲಿ ಕಲಸಿದ ಹಿಟ್ಟಾಗಿತ್ತು. ತಂದೆಯವರು ಕೈಯಿಂದ ಮುಟ್ಟಿ ನೋಡಿ ಸುಮ್ಮನಾದರು. ಮರುವರ್ಷ ಕಟ್ಟಿಗೆಯಲ್ಲಿ ಎರಡನೆಯದನ್ನು ಆರಂಭಿಸಿದೆನು. ಅಷ್ಟರಲ್ಲಿ ಅವರ ಕಣ್ಣು ಇನ್ನಷ್ಟು ಮಸುಕಾಗಿತ್ತು.

ಕೆಲಸ ಬೇಗನೆ ಮುಗಿಯಬಹುದಾಗಿತ್ತು. ಒಂದು ಬೇವಿನ ಗಿಡವು ಅಡ್ಡ ಬಂದಿತು. ಅಜ್ಜಿಯು ಮಗನನ್ನು ಬೀಳ್ಕೊಡುವಾಗ ಆ ಗಿಡದ ಕೆಳಗೆ ನಿಂತಿದ್ದಳಂತೆ. ಗಿಡವು ಹೋಟಗಿಯ ಕಡೆಯ ತುದಿಗಿತ್ತೆಂದು ತಂದೆಯವರು. ನಾನೂ ಹುಡುಗನಾಗಿದ್ದಾಗ, ವಾಯ್‌ಪಿ ಜಾತಿಯ ಕರಿಯ ಇಂಜಿನುಗಳಿದ್ದ ಕಾಲಕ್ಕೆ, ಆ ಸ್ಟೇಶನ್ನಿನಲ್ಲಿ ಹತ್ತಿ ಇಳಿದವನು. ನನ್ನ ನೆನಪಿನಲ್ಲಿ ಗಿಡವಿರುವದು ವಿಜಾಪುರದ ಕಡೆಗೆ. ಈ ವಾದವನ್ನು ತೀರಿಸಲೆಂದು ನಾನು ಒಂದು ದಿನ ಆಲಮೇಲದ ಮೇಲಿಂದ ಇಂಡಿಗೆ ಬಸ್ಸಿನಲ್ಲಿ ಹೊರಟೆನು. ಅಳೆಯುವ ಟೇಪು, ಪೆನ್ಸಿಲ್ಲು, ಬುತ್ತಿ. ಬಸ್ಸಿನಲ್ಲಿ ಲಿಂಬೆಯ ಚೀಲಗಳ ಪರಿಮಳ. ಇಂಡಿಯ ಸೀಮೆಗೆ ಬಂದೆವೆಂದು ಮೂಗೇ ಹೇಳುತ್ತಿತ್ತು.

ಸ್ಟೇಶನ್ನಿನಲ್ಲಿ ಗಿಡದ ಗುರುತೂ ಇಲ್ಲ. ಚಹದ ಅಂಗಡಿಯ ಮುದುಕರೊಬ್ಬರು, "ಹೋಟಗಿ ಕಡೀಗೇ ಇತ್ರಿ ಸರ," ಎಂದರು. ಪಕ್ಕದಲ್ಲಿ ಕುಳಿತವರು, "ಏ, ಅದು ಬ್ಯಾವಿನ ಗಿಡ ಅಲ್ಲೋ ಮಾರಾಯಾ, ಹುಣಸಿ ಗಿಡ," ಎಂದರು. ಇಬ್ಬರಿಗೂ ಜಗಳ ಹತ್ತಿತು. ನಾನು ಚಹ ಕುಡಿದು, ಪ್ಲಾಟಫಾರ್ಮನ್ನು ಹೆಜ್ಜೆಯಿಂದ ಅಳೆದು, ನಿಂಬಾಳದ ವರೆಗೆ ತಿಕೀಟು ಕೊಂಡು ಗಾಡಿ ಹತ್ತಿದೆನು. ಕಿಟಕಿಯಿಂದ ಹಳೆಯ ದಾರಿಯ ಏರಿಯೆಲ್ಲಿಯಾದರೂ ಕಂಡೀತೆಂಬ ಆಸೆ. ನಿಂಬಾಳದಲ್ಲಿ ಸ್ಟೇಶನ್ನಿನ ಹತ್ತಿರವೇ ಗುರುದೇವ ರಾನಡೆಯವರ ಆಶ್ರಮವಿದೆ. ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತತ್ತ್ವಜ್ಞರು ಈ ಬಯಲನ್ನು ಆರಿಸಿಕೊಂಡರು. ೧೯೫೭ರಲ್ಲಿ ಇಲ್ಲಿಯೇ ದೇಹವಿಟ್ಟರು. ಅಲ್ಲಿ ಅರ್ಧ ತಾಸು ಕುಳಿತು ಮರಳಿದೆನು. ಏರಿ ಕಾಣಲಿಲ್ಲ.

ಮನೆಗೆ ಬಂದು, "ಗಿಡದ ಗುರುತು ಸಿಗಲಿಲ್ರಿ ಅಪ್ಪಾ," ಎಂದೆನು. ಅವರು ನಕ್ಕು, "ಹೊಗೆ ಬರೂ ಕಡೆ ಹೊಳ್ಳಿ ನಿಂತಿದ್ಲು ನಮ್ಮವ್ವ. ಹೊಗೆ ವಿಜಾಪುರದಿಂದ ಬರ್ತಿತ್ತು. ಬೆನ್ನಿಗೆ ಗಿಡ. ನೀನೇ ಲೆಕ್ಕಾ ಹಾಕು," ಎಂದರು. ಸೊಲ್ಲಾಪುರಕ್ಕೆ ಹೋಗುವ ಗಾಡಿ ವಿಜಾಪುರದ ಕಡೆಯಿಂದ ಬರಬೇಕಾದುದೇ ಸರಿ. ಗಿಡವು ಹೋಟಗಿಯ ತುದಿಗಾಯಿತು. ತರ್ಕ ಕಲಿಸಿದವನು ನಾನು; ಅನುಮಾನ ಮಾಡಿದವರು ಅವರು. ಆದರೂ ನನ್ನ ಕಣ್ಣಿನ ನೆನಪು ಹಟ ಬಿಡಲೊಲ್ಲದು. ಆದುದರಿಂದ ಗಿಡವನ್ನು ಅವರು ಹೇಳಿದಲ್ಲಿ ನಿಲ್ಲಿಸಿದ್ದೇನೆ, ಅಂಟು ಹಚ್ಚಿಲ್ಲ.

ಮೊಮ್ಮಗನಿಗೆ ಗಿಡದ ಚಿಂತೆಯಿಲ್ಲ. ಅವನಿಗೆ ಬಳೆಯೇ ದೊಡ್ಡದು. ಒಂಟಿಹಳಿಯ ಕಾಲದಲ್ಲಿ ಎರಡು ಸ್ಟೇಶನ್ನುಗಳ ನಡುವೆ ಒಂದೇ ಗಾಡಿ ಇರತಕ್ಕದ್ದು. ಅದಕ್ಕಾಗಿ ಎರಡೂ ಕಡೆಗೆ ತಂತಿಯಿಂದ ಕೂಡಿದ ಯಂತ್ರಗಳು. ಒಂದು ಯಂತ್ರದಿಂದ ಟೋಕನ್ನು ಹೊರಗೆ ಬಂತೆಂದರೆ, ಅದು ಮರಳಿ ಒಳಗೆ ಸೇರುವ ವರೆಗೆ ಎರಡರಿಂದಲೂ ಇನ್ನೊಂದು ಬಾರದು. ಆ ಟೋಕನ್ನನ್ನು ದೊಡ್ಡ ಬಳೆಯ ಚೀಲದಲ್ಲಿಟ್ಟು ಓಡುವ ಗಾಡಿಯ ಡ್ರಾಯವರನಿಗೆ ಕೊಡುತ್ತಿದ್ದರು. ತಾಮ್ರದ ತಂತಿಯಿಂದ ಅಂಥದೊಂದು ಮಾಡಿಕೊಟ್ಟಿದ್ದೇನೆ. "ಮುತ್ಯಾ, ಬಳಿ ಕೊಟ್ಟಿಲ್ಲ, ಗಾಡಿ ಬಿಡಬ್ಯಾಡ," ಎಂದು ಅವನು ನನ್ನನ್ನೇ ತಡೆಯುತ್ತಾನೆ.

ಮೊನ್ನೆ ಅಜ್ಜಿಯ ಬೊಂಬೆ ಮುಗಿಯಿತು. ಕಾಳುಮೆಣಸಿನ ತಲೆ, ಇಳಕಲ್ಲ ಸೀರೆಯ ಹಳೆಯ ಸೆರಗಿನ ಚೂರು, ಕೈಯಲ್ಲಿ ರೊಟ್ಟಿಯ ಬುತ್ತಿಯೆಂದು ಒಂದು ಅರಿವೆಯ ಗಂಟು. ತಂದೆಯವರು ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. "ಬುತ್ತಿ ಅಣ್ಣನ ಕೈಯಾಗ ಕೊಟ್ಟಿದ್ಲು. ಗಾಡಿ ಹೋಗೂ ಮುಂದ ಅವ್ವನ ಕೈ ಬರಿದಾಗಿತ್ತು," ಎಂದರು. ನಾನು ಚಿಮಟದಿಂದ ಗಂಟನ್ನು ಬಿಡಿಸಿ ಮೂರನೆಯ ವರ್ಗದ ಡಬ್ಬಿಯ ಕಿಟಕಿಯಲ್ಲಿಟ್ಟೆನು. ಅವರು ಅಜ್ಜಿಯನ್ನು ತಾವೇ ಗಿಡದ ಕೆಳಗೆ ನಿಲ್ಲಿಸಿದರು; ಬೆರಳು ನಡುಗಿ ಎರಡು ಸಲ ಬಿದ್ದಿತು, ಮೂರನೆಯ ಸಲ ನಿಂತಿತು.

ಇನ್ನು ಕಿಟಕಿಯಲ್ಲಿ ಕುಳಿತ ದೊಡ್ಡಪ್ಪನವರನ್ನು ಮಾಡಬೇಕು. ಸ್ಟೇಶನ್ನಿನ ಫಲಕವನ್ನು ಬರೆಯಬೇಕು. ದೀಪಾವಳಿಯೊಳಗೆ ಇವೆರಡೂ ಆಗಬೇಕೆಂದು ತಂದೆಯವರ ಅಪ್ಪಣೆಯಾಗಿದೆ. ಫಲಕದ ಅಕ್ಷರಗಳು ದೊಡ್ಡವಾಗಿರಬೇಕಂತೆ. ಪ್ರಮಾಣ ತಪ್ಪಿದರೂ ಚಿಂತೆಯಿಲ್ಲವಂತೆ.